ತಿರುಗುವ ದುಶ್ಚಟವುಳ್ಳ ಸಣ್ಣ ಗರಗಸದ ಕುರಿತು ಯಂತ್ರಮಿತ್ರರಿಗೆ ಸುರೇಬಾನದಿಂದ

ಲೋಹ ಕೊಯ್ಯುವ ಗರಗಸಗಳನ್ನು ಮಾರುವ ಜಾಲತಾಣದಲ್ಲಿ ಹಗಲಿರುಳು ಎಚ್ಚರವಿದ್ದು ಗಿರಾಕಿಗಳಿಗೆ ಸಲಹೆ ಕೊಡುವ ‘ಯಂತ್ರಮಿತ್ರ’ ಎಂಬ ಯಂತ್ರದ ಸನ್ನಿಧಿಗೆ

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಮಗೆ ಪಾದಗಳಿಲ್ಲವಾದ್ದರಿಂದ ನಮಸ್ಕಾರವನ್ನು ಎಲ್ಲಿ ಸಲ್ಲಿಸಬೇಕೆಂದು ತಿಳಿಯದೆ, ಪರದೆಯ ಬಲಮೂಲೆಯಲ್ಲಿ ತಾವು ಸದಾ ನಗುತ್ತ ಕೂತಿರುವ ಹಸಿರು ಗುಂಡಿಯ ಹತ್ತಿರ ಇಟ್ಟಿದ್ದೇನೆ, ಸ್ವೀಕರಿಸಬೇಕು. ನಾವಿಲ್ಲಿ ಎಲ್ಲರೂ ಕ್ಷೇಮ. ತಮ್ಮ ಕಡೆ ಕರೆಂಟು ಕ್ಷೇಮವೆಂದು ನಂಬಿದ್ದೇನೆ. ನನ್ನ ಬಂಧುಗಳಲ್ಲಿ ಯಾರೂ ತೋರದ ತಾಳ್ಮೆಯನ್ನು ತಾವು ನನ್ನ ಬಗ್ಗೆ ತೋರಿದ್ದೀರಿ. ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೂ ‘ಒಳ್ಳೆಯ ಪ್ರಶ್ನೆ’ ಎಂದು ಮೆಚ್ಚಿದ್ದೀರಿ. ಇಷ್ಟು ವರ್ಷ ರಾಮದುರ್ಗದ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ಬಂದಿರುವ ನನಗೆ ಒಬ್ಬ ವಿದ್ಯಾರ್ಥಿಯನ್ನೂ ಹಾಗೆ ಮೆಚ್ಚಲು ಆಗಿಲ್ಲ. ಆದ್ದರಿಂದಲೇ ಈ ದೂರನ್ನು ತಮ್ಮ ಮೇಲೆ ಕೊಡಬೇಕಾಗಿ ಬಂದಿರುವುದಕ್ಕೆ ನನಗೆ ನಿಜವಾದ ಸಂಕೋಚವಿದೆ.

ತಾವು ನನ್ನನ್ನು ಮೊದಲು ಕೇಳಿದ್ದು, ‘ನೀವು ಹವ್ಯಾಸಿಯೋ ವೃತ್ತಿಪರರೋ?’ ಎಂದು. ನಮ್ಮ ಮನೆಯ ಹಿಂದೆ ಮೊದಲು ಎತ್ತು ಕಟ್ಟುತ್ತಿದ್ದ ಕೊಟ್ಟಿಗೆ ಇದೆ. ಅಲ್ಲಿ ಮೇವು ಹಾಕುತ್ತಿದ್ದ ಗ್ವಾದಲಿಯ ಅಂಚಿಗೆ ಒಂದು ವೈಸ್ ಕೂರಿಸಿ, ಬಿಡುವಿದ್ದಾಗ ಪೈಪು, ಸರಳು, ಪಟ್ಟಿಗಳನ್ನು ಕೊಯ್ದು ಕೂಡಿಸುತ್ತಿರುತ್ತೇನೆ. ಇದು ವೃತ್ತಿಯಲ್ಲ. ಹವ್ಯಾಸವೆನ್ನಲು ನಾಲಿಗೆ ಏಳಲಿಲ್ಲ. ಪಕ್ಕದಲ್ಲಿದ್ದ ನನ್ನ ಹೆಂಡತಿ ಅನ್ನಪೂರ್ಣಾಳನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಲೇ, “ಹವ್ಯಾಸ ಅಂತ ಪ್ಯಾಟಿಯಾಗ ಅಂತಾರ್ರಿ. ನಮ್ಮ ಕಡೆ ಇದಕ್ಕ ಚಾಳಿ ಅಂತಾರ” ಎಂದಳು. ಆ ಆಯ್ಕೆ ತಮ್ಮಲ್ಲಿರಲಿಲ್ಲ. ಹವ್ಯಾಸಿ ಎಂದೇ ಒತ್ತಿದೆ, ಅಲ್ಲಿಂದ ಮುಂದೆ ತಾವು ನನ್ನೊಂದಿಗೆ ಆಟಿಕೆ ಕೊಳ್ಳಲು ಬಂದವನೊಡನೆ ಮಾತಾಡುವ ಧಾಟಿಯಲ್ಲೇ ಮಾತಾಡಿದಿರಿ.

ಗರಗಸ ಯಾಕೆ ಬೇಕಾಯಿತೆಂದು ತಾವು ಕೇಳಲೇ ಇಲ್ಲ, ಈಗಲಾದರೂ ಹೇಳುತ್ತೇನೆ. ನನ್ನ ಅಕ್ಕ ದೇವಕ್ಕ ನಮ್ಮೊಂದಿಗೇ ಇದ್ದಾಳೆ. ರಾಮದುರ್ಗದಲ್ಲಿ ಅವಳ ಬಾಲ್ಯದ ಗೆಳತಿ ಸಾವಂತ್ರೆವ್ವ ಇದ್ದಾಳೆ. ಇಬ್ಬರೂ ಸೇರಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತಾರೆ. ಒಬ್ಬಳು ಒಂದು ತುದಿಯಿಂದ, ಇನ್ನೊಬ್ಬಳು ಎದುರು ತುದಿಯಿಂದ ಹೊಲಿಯುತ್ತ ಬಂದು, ನಡುವೆ ಎಲ್ಲಿ ಕೂಡಬೇಕೆಂಬುದರ ಮೇಲೆ ಜಗಳ ಮಾಡುತ್ತಾರೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಈ ಜಗಳಕ್ಕೆ ಹೋಗಿಬರುವುದು ದೇವಕ್ಕನ ಇಡೀ ಹೊರಗಿನ ಲೋಕ. ಈಗೊಂದು ವರ್ಷದಿಂದ ಅವಳ ಮೊಣಕಾಲುಗಳು ಮಡಚಲು ಒಪ್ಪುತ್ತಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ಟಿಕೀಟು ಹೋಯಿತು, ಮೆಟ್ಟಿಲು ಮಾತ್ರ ಇದ್ದಷ್ಟೇ ಎತ್ತರದಲ್ಲಿ ಉಳಿಯಿತು. ಕಂಡಕ್ಟರ್ ಬಾಳು ಮೇಲಿನಿಂದ ಅವಳ ರಟ್ಟೆ ಹಿಡಿದು ಎಳೆಯುತ್ತಾನೆ, ಹಿಂದಿನಿಂದ ಯಾರೋ ಪುಣ್ಯಾತ್ಮರು ನೂಕುತ್ತಾರೆ. “ಜ್ವಾಳದ ಚೀಲ ಏರಿಸಿದಂಗ ಏರಸ್ತಾರ,” ಎಂದಳು ದೇವಕ್ಕ, “ಚೀಲದ ಬಾಯಿಗರ ಹೊಲಿಗಿ ಹಾಕಿರ್ತಾರ, ನನಗ ಸೀರಿ ಜಾರತೈತಿ.” ಅಂದಿನಿಂದ ಅವಳು ಹೋಗುವುದನ್ನು ಬಿಟ್ಟಳು.

ನನ್ನ ಮೋಟಾರ್ ಸೈಕಲ್ಲಿನ ಮೇಲೆ ಕರೆದೊಯ್ಯುತ್ತೇನೆಂದೆ. “ನೀ ಕರಕೊಂಡು ಹ್ವಾದ್ರ ಅದು ನಾ ಹೋಗಿದ್ದಲ್ಲೋ ಮಾದೇವಾ, ನೀ ಒಯ್ದಿದ್ದು” ಎಂದಳು. ಈ ವ್ಯತ್ಯಾಸವನ್ನು ನಾನು ವ್ಯಾಕರಣದಲ್ಲಿ ಎಷ್ಟೋ ಸಲ ಕಲಿಸಿದ್ದೇನೆ, ಅದರ ಭಾರ ನನಗೆ ತಿಳಿದಿರಲಿಲ್ಲ. ಬಸ್ಸು ದಿನವೂ ಒಂದೇ ಜಾಗದಲ್ಲಿ ನಿಲ್ಲುವಂತಿದ್ದರೆ ಅಲ್ಲೊಂದು ಚಪ್ಪಡಿ ಕಲ್ಲು ಹಾಕಿಸಬಹುದಿತ್ತು, ಆದರೆ ಅದು ಡ್ರೈವರನ ಮನಸ್ಸಿಗೆ ಬಂದ ಕಡೆ ನಿಲ್ಲುತ್ತದೆ. ಅವಳೇ ಕೈಯಲ್ಲಿ ಹಿಡಿದೊಯ್ಯುವಂಥ ಒಂದು ಮೆಟ್ಟಿಲು ಬೇಕಿತ್ತು. ವೆಲ್ಡಿಂಗ್ ಅಂಗಡಿಯವರು ಆಂಗಲ್ ಕಬ್ಬಿಣದಲ್ಲಿ ಒಂದನ್ನು ಮಾಡಿಕೊಟ್ಟರು. ಟ್ರ್ಯಾಕ್ಟರು ಹತ್ತಿದರೂ ಅದು ಬಗ್ಗುವುದಿಲ್ಲ. ದೇವಕ್ಕನಿಗೆ ಅದನ್ನು ಅಲುಗಿಸಲೂ ಆಗಲಿಲ್ಲ. ಈಗ ಅದರ ಮೇಲೆ ಕೋಳಿಗಳು ಕೂರುತ್ತವೆ.

ಹಾಗಾಗಿ ಹಗುರವಾದ ಅಲ್ಯುಮಿನಿಯಂ ಚೌಕ ಪೈಪು ತಂದು, ಕೈಗರಗಸದಿಂದ ನಾನೇ ನಾಲ್ಕು ಕಾಲು ಕೊಯ್ದು, ಮೇಲೊಂದು ಹಲಗೆ ಕೂರಿಸಿ ಬೋಲ್ಟು ಹಾಕಿದೆ. ಅದು ಕುಂಟಿತು. ಉದ್ದವಿದ್ದ ಕಾಲನ್ನು ಕೊಯ್ದೆ. ಈಗ ಎದುರಿನ ಕಾಲು ಉದ್ದವಾಗಿ ಕಂಡಿತು, ಅದನ್ನೂ ಕೊಯ್ದೆ. ನ್ಯಾಯವಾಗಿ ಎಲ್ಲ ಕಾಲುಗಳಿಗೂ ಸರದಿ ಬಂದಮೇಲೆ ದೇವಕ್ಕ ಬಂದು ನೋಡಿ, “ಇದು ಮೆಟ್ಟಲ ಅಲ್ಲೋ, ಊಟದ ಮಣಿ. ಅಡಿಗಿ ಮನ್ಯಾಗ ಹಾಕು, ಕುಂತು ಉಣ್ಣೂಣು” ಎಂದಳು.

ಸೊಟ್ಟ ಕೊಯ್ತಕ್ಕೆ ಮದ್ದು ಯಂತ್ರ ಎಂದು ತಿಳಿದವರೆಲ್ಲ ಹೇಳಿದರು. ಉರುಟು ಕಲ್ಲು ತಿರುಗಿಸಿ ಕಿಡಿ ಹಾರಿಸುತ್ತ ಕೊಯ್ಯುವ ಯಂತ್ರ ಅಗ್ಗವಾಗಿ ಸಿಗುತ್ತದೆ. ಆದರೆ ನಮ್ಮ ಕೊಟ್ಟಿಗೆಯ ಗೋಡೆಗೆ ಒತ್ತಿ ನೆರೆಯ ಯಮನಪ್ಪನ ಕಣಕಿ ಬಣವಿ, ಅವನ ದನಗಳ ವರ್ಷದ ಒಣಮೇವು, ಇದೆ. ಅವನು ವಿಷಯ ಕೇಳಿದ್ದೇ ಬಂದು ನಿಂತ. “ಸರ, ನಿಮ್ಮ ಕಿಡಿ ನಮ್ಮ ಬಣವಿಗೆ ಬಿತ್ತಂದ್ರ, ಮುಂದ ನಮ್ಮ ದನ ನಿಮ್ಮ ಪುಸ್ತಕ ತಿನಬೇಕಾಕ್ಕೈತಿ ನೋಡ್ರಿ. ಅವಕ್ಕ ಜೀರ್ಣ ಆಗೂದಿಲ್ಲ.” ಕಿಡಿಯಿಲ್ಲದೆ ತಣ್ಣಗೆ ಕೊಯ್ಯುವುದು, ಎರಡು ಚಕ್ರಗಳ ಮೇಲೆ ಹಲ್ಲಿನ ಪಟ್ಟಿ ಸುತ್ತುವ ಸಣ್ಣ ಬ್ಯಾಂಡ್ ಗರಗಸ ಒಂದೇ. ಹೀಗೆ ನಾನು ತಮ್ಮ ಬಾಗಿಲಿಗೆ ಬಂದೆ.

ತಮ್ಮ ಕನ್ನಡದ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಸಂಬಳಕ್ಕೆ ದ್ರೋಹವಾದೀತು. ತಾವು ಬ್ಯಾಂಡ್ ಗರಗಸವನ್ನು ‘ವಾದ್ಯಮೇಳ ನೋಡಿತು’ ಎಂದು ಅನುವಾದಿಸಿದಿರಿ. ಪಟ್ಟಿಯನ್ನು ಹಿಗ್ಗಿಸಿ ಹಿಡಿಯುವ ಚಕ್ರಕ್ಕೆ ‘ಸೋಮಾರಿ ಚಕ್ರ’ ಎಂದಿರಿ. ಪೈಪನ್ನು ಕಚ್ಚಿ ಹಿಡಿಯುವ ವೈಸನ್ನು ಅದೇ ಉಚ್ಚಾರದ ಇಂಗ್ಲಿಷ್ ಅವಳಿಯೆಂದು ತಿಳಿದು, ‘ಈ ಮಾದರಿಯಲ್ಲಿ ನಲವತ್ತೈದು ಡಿಗ್ರಿಯವರೆಗೆ ತಿರುಗುವ ದುಶ್ಚಟವನ್ನು ಉಚಿತವಾಗಿ ಜೋಡಿಸಲಾಗಿದೆ’ ಎಂದು ಬರೆದಿರಿ. ನಾನು ಆ ವಾಕ್ಯವನ್ನು ಬಹಳ ಹೊತ್ತು ನೋಡುತ್ತ ಕೂತೆ. ನನ್ನ ದುಶ್ಚಟಗಳೆಲ್ಲ ಒಂದೇ ದಿಕ್ಕಿಗೆ ಬಿಗಿದು ಕೂತಿವೆ. ತಿರುಗುವ ಅನುಕೂಲ ಇದ್ದಿದ್ದರೆ ನಾನೂ ಬೇರೆ ಮನುಷ್ಯನಾಗುತ್ತಿದ್ದೆನೋ ಏನೋ.

ಇನ್ನು ತಮ್ಮ ಸಲಹೆಗಳು. ಕೊಯ್ಯುವ ಲೋಹದ ಮೇಲೆ ಯಾವಾಗಲೂ ಕನಿಷ್ಠ ಮೂರು ಹಲ್ಲುಗಳು ಕೂತಿರಬೇಕು, ಪೈಪು ತೆಳುವಾಗಿದ್ದರೆ ಹಲ್ಲು ಸಣ್ಣದಿರಬೇಕು ಎಂದಿರಿ. ಇದನ್ನು ನಾನು ಗಟ್ಟಿಯಾಗಿ ಓದಿದಾಗ ದೇವಕ್ಕ, “ಮೂರ ಹಲ್ಲು ಸಾಕಂತೇನು? ಹಂಗಾದ್ರ ನಾನೂ ಖಡಕ್ ರೊಟ್ಟಿ ತಿನಬಹುದು ಬಿಡು” ಎಂದಳು. ಮರುದಿನ ತಾವು, ಅಲ್ಯುಮಿನಿಯಂ ಮೆತ್ತಗಿನ ಲೋಹ, ಅದು ಸಣ್ಣ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ, ಹಲ್ಲು ದೊಡ್ಡದಿರಬೇಕು ಎಂದಿರಿ. ತೆಳುವಾದ ಅಲ್ಯುಮಿನಿಯಂ ಪೈಪಿನ ಗತಿಯೇನೆಂದು ಕೇಳಿದೆ. ಒಳ್ಳೆಯ ಪ್ರಶ್ನೆ ಎಂದಿರಿ.

ಪಟ್ಟಿಯ ವೇಗ ಏರಿಳಿಸುವಂತಿರಬೇಕೆಂದಿರಿ, ಒಪ್ಪಿದೆ. ವೋಲ್ಟೇಜು ಸ್ಥಿರವಾಗಿರಬೇಕೆಂದಿರಿ. ಹೊಲಗಳಿಗೆ ಕರೆಂಟು ಬಿಟ್ಟಾಗ ಊರಿನ ಪಂಪುಗಳೆಲ್ಲ ಒಟ್ಟಿಗೆ ನೀರೆತ್ತುತ್ತವೆ, ನಮ್ಮ ಬಲ್ಬುಗಳು ಆಗ ಕೆಂಪು ದಾರವಾಗುತ್ತವೆ. ಆ ಹೊತ್ತಿನಲ್ಲಿ ಕಬ್ಬಿಗೆ ನೀರು ನಿಲ್ಲಿಸಲು ತಾವು ನೇರವಾಗಿ ಪಂಪುಗಳಿಗೇ ಒಂದು ವಿನಂತಿ ಕಳಿಸಲಾದೀತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಕೊಯ್ದಮೇಲೆ ಮೋಟಾರು ತಣ್ಣಗಾಗಲು ಅದಕ್ಕೆ ವಿಶ್ರಾಂತಿ ಕೊಡಬೇಕೆಂದಿರಿ. ಯಮನಪ್ಪ ಇದನ್ನು ಕೇಳಿ, “ಎತ್ತಿಗೆ ಸೋಮವಾರ ಒಂದ ರಜಾ. ಇದಕ್ಕ ತಾಸಿಗೊಮ್ಮೆ ರಜಾ ಅಂದ್ರ, ಸರಕಾರಿ ನೌಕರಿ ಮಾಡ್ತೈತೇನ್ರಿ ಸರ ಇದು?” ಎಂದ. ನಾನು ನಗಲಿಲ್ಲ, ಕಾರಣ ತಾವು ಊಹಿಸಬಹುದು.

ಹೀಗೆ ತಿಂಗಳುಗಳು ಹೋದವು. ಒಂದು ಮಾದರಿಯನ್ನು ಆರಿಸಿದೊಡನೆ ‘ಇದನ್ನು ನೋಡಿದವರು ಇದನ್ನೂ ನೋಡಿದ್ದಾರೆ’ ಎಂದು ಇನ್ನೊಂದನ್ನು ತೋರಿಸುತ್ತಿದ್ದಿರಿ. ನಾನೂ ನೋಡುತ್ತಿದ್ದೆ. ತಮ್ಮನ್ನೇ ದೂರುವುದು ನ್ಯಾಯವಲ್ಲ, ಆರಿಸುವಷ್ಟು ದಿನ ಯಾವ ಕಾಲೂ ಸೊಟ್ಟಗಿರುವುದಿಲ್ಲ, ಆ ಸುಖಕ್ಕೆ ನಾನು ಒಗ್ಗಿಕೊಂಡಿದ್ದೆ. ಅತ್ತ ಸಾವಂತ್ರೆವ್ವ ಫೋನಿನಲ್ಲಿ ನನ್ನ ಮೂಲಕವೇ ಹೇಳಿ ಕಳಿಸಿದಳು: “ಆಕಿಗೆ ಹೇಳೋ ತಮ್ಮಾ, ಬರದಿದ್ರ ಆಕಿ ಅರ್ಧಾನೂ ನಾನ ಹೊಲೀತೇನಿ. ಆದ್ರ ಹೊಲಿಗಿ ಸೊಟ್ಟ ಹಾಕ್ತೇನಿ, ಹೆಸರ ಆಕಿದ ಹೇಳ್ತೇನಿ.” ಇದನ್ನು ತಿಳಿಸಿದಾಗ ದೇವಕ್ಕ, “ನಿನ್ನ ಬ್ಯಾಂಡು ಯಾವಾಗ ಬರತೈತಿ? ಲಗ್ನಾ ಮುಗದಮ್ಯಾಲೇನು?” ಎಂದಷ್ಟೇ ಕೇಳಿದಳು.

ಒಂದು ಸಂಜೆ ನಾನು ಕಾಲೇಜಿನಿಂದ ಬರುವಾಗ ಅವಳು ಮನೆಯ ಮುಂದಿನ ಕಟ್ಟೆಯ ಹತ್ತಿರ ನಿಂತಿದ್ದಳು. ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ಬಲಗಾಲನ್ನು ಕಟ್ಟೆಯ ಮೇಲಿಡಲು ನೋಡಿದಳು, ಪಾದ ಅಂಚಿಗೆ ತಾಗಿ ಕೆಳಗಿಳಿಯಿತು. ಸೆರಗು ಸರಿಪಡಿಸಿಕೊಂಡು ಸುತ್ತ ನೋಡಿ ಇನ್ನೊಮ್ಮೆ ಎತ್ತಿದಳು. ನಾನು ಓಣಿಯ ತಿರುವಿನಲ್ಲೇ ನಿಂತು, ಅವಳು ಒಳಗೆ ಹೋದಮೇಲೆ ಮನೆಗೆ ಬಂದೆ. ಅಂದೇ ತಮ್ಮನ್ನು ಕೇಳದೆ ಒಂದು ಗರಗಸವನ್ನು ಕೊಂಡೆ. ನಮ್ಮ ಮನೆಯ ಸಾದಾ ಕರೆಂಟಿಗೆ ನಡೆಯುವಂಥದು, ಬದಲಿ ಪಟ್ಟಿ ಹುಬ್ಬಳ್ಳಿಯಲ್ಲಿ ಸಿಗುವಂಥದು. ಹಲ್ಲು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ‘ಇದಕ್ಕಿಂತ ಉತ್ತಮ ಆಯ್ಕೆಗಳಿವೆ’ ಎಂದು ತಾವು ಎಚ್ಚರಿಸಿದಿರಿ. ಇದ್ದವು.

ಬಂದಮೇಲೆ ಮೂಲೆ ನೋಡುವ ಗುಣಿಯಿಟ್ಟು ಅಳೆದರೆ ದುಶ್ಚಟ ಪಟ್ಟಿಗೆ ನೇರವಿರಲಿಲ್ಲ. ಬೋಲ್ಟು ಸಡಿಲಿಸಿ, ಕೂರಿಸಿ, ಮತ್ತೆ ಬಿಗಿದೆ. ಗುಂಡಿ ಒತ್ತಿದಾಗ ಗರಗಸ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯುತ್ತ ಪೈಪನ್ನು ಕೊಯ್ದು, ಕೆಳಗೆ ಮುಟ್ಟಿ, ತಾನೇ ನಿಂತಿತು. ನಾನು ಮಾಡುವುದೇನೂ ಇರಲಿಲ್ಲ. ಹೊಸದಾಗಿ ಕೂರಿಸಿದ ನಾಲ್ಕು ಕಾಲುಗಳೂ ಪರಸಿಗಲ್ಲಿನ ನೆಲದ ಮೇಲೆ ಒಂದೇ ಉಸಿರಿಗೆ ನಿಂತವು. ಬಣವಿಗೆ ಏನೂ ಆಗಲಿಲ್ಲ. ದೇವಕ್ಕ ಹತ್ತಿ ಇಳಿದಳು, ಇನ್ನೊಮ್ಮೆ ಹತ್ತಿದಳು. ಆಮೇಲೆ ಎಲ್ಲಿಂದಲೋ ಒಂದು ಹಗ್ಗ ತಂದು ಅದರ ಅಡ್ಡಪಟ್ಟಿಗೆ ಗಂಟು ಹಾಕತೊಡಗಿದಳು. ಯಾಕೆಂದು ಕೇಳಿದೆ. “ನಾ ಬಸ್ಸಿನ್ಯಾಗ ಏರಿದಮ್ಯಾಲ ಇದನ್ನ ಯಾರ ಏರಸ್ತಾರ?” ಎಂದಳು. ಮಾನ್ಯರೇ, ಇಷ್ಟು ತಿಂಗಳಲ್ಲಿ ತಮಗಾಗಲಿ ನನಗಾಗಲಿ ಈ ಪ್ರಶ್ನೆ ಹೊಳೆದಿರಲಿಲ್ಲ. ಇದು ಒಳ್ಳೆಯ ಪ್ರಶ್ನೆ.

ಮರುದಿನ ಬಸ್ಸು ಎಂದಿನಂತೆ ಎಲ್ಲರೂ ನಿಂತ ಜಾಗವನ್ನು ದಾಟಿ, ಗರಸು ಮಣ್ಣಿನ ದಿಬ್ಬದ ಮೇಲೆ ನಿಂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನಾಲ್ಕು ಕಾಲಿನ ಮೆಟ್ಟಿಲು ಆ ನೆಲದ ಮೇಲೆ ಕುಂಟಿತು. ನಾನು ಬಗ್ಗಿದೆ. “ಸರಿ ನೀ, ನೆಲಾನೂ ಕೊಯ್ತಿಯೇನು ಮತ್ತ?” ಎಂದು ದೇವಕ್ಕ ಚಪ್ಪಲಿಯಿಂದ ನಾಲ್ಕು ಹರಳು ಕೆರೆದು, ಕಾಲೊಂದರ ಬುಡಕ್ಕೆ ತುಳಿದು, ಅಲುಗಿಸಿ ನೋಡಿದಳು. ಬಾಗಿಲ ಸರಳು ಹಿಡಿದಳು. ಬಾಳು ಅಭ್ಯಾಸಬಲದಿಂದ ಕೈ ಚಾಚಿದ. “ಸರಿಯೋ ತಮ್ಮಾ, ಹಾದಿಗೆ ನಿಂತಿ” ಎಂದಳು. ಒಂದು ಕಾಲು ಮೆಟ್ಟಿಲಿಗೆ ಬಂತು. ಇನ್ನೊಂದು ಬಂತು. ಸರಳಿಗೆ ಭಾರ ಕೊಟ್ಟು ಮೊಣಕಾಲನ್ನು ಮೆಲ್ಲಗೆ ಮಡಚಿ ಎತ್ತಿದಳು. ಆಮೇಲೆ ಅವಳು ಒಳಗಿದ್ದಳು. ತಿರುಗಿ ನಿಂತು, ಬಾವಿಯಿಂದ ಕೊಡ ಸೇದುವ ಹಾಗೆ ಹಗ್ಗ ಜಗ್ಗಿ ಮೆಟ್ಟಿಲನ್ನು ಮೇಲೆತ್ತಿಕೊಂಡಳು. ಒಳಗೆ ಸೀಟು ಖಾಲಿಯಿರಲಿಲ್ಲ. ಅದನ್ನು ನಡುಹಾದಿಯಲ್ಲಿಟ್ಟು ಅದರ ಮೇಲೆಯೇ ಕೂತಳು.

ಬಾಳು ತಲೆ ಕೆರೆದುಕೊಂಡು, “ನಿಮಗ ಟಿಕೀಟ ಇಲ್ರಿ ಅಮ್ಮಾರ, ಆದ್ರ ಈ ಸಾಮಾನಿಗೆ ಲಗೇಜ್ ಆಕ್ಕೈತಿ” ಎಂದ.

“ಸಾಮಾನಲ್ಲೋ ಇದು, ನನ್ನ ಕಾಲು. ಕಾಲಿಗೆ ಬ್ಯಾರೆ ಟಿಕೀಟ ಹರೀತಿಯೇನು?”

“ಹಂಗಾದ್ರ ಆಧಾರ ಕಾರ್ಡಿನ್ಯಾಗ ಆರು ಕಾಲು ಅಂತ ಬರಸ್ರಿ ಆಯಿ” ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು. ಬಸ್ಸು ನಗುತ್ತಿರುವಾಗ ಬಾಳು ಸೀಟಿ ಊದಿದ. ನಾನು ನೂಕಲೆಂದು ಎತ್ತಿದ್ದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಸೆಯಲ್ಲಿಟ್ಟುಕೊಂಡೆ. ಹಿಂದಿನ ಗಾಜಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ನೋಡುವ ಕಾರಣವೂ ಇರಲಿಲ್ಲ, ಅವಳು ಹೋಗುತ್ತಿದ್ದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ: ಹವ್ಯಾಸಿ, ವೃತ್ತಿಪರ ಎಂಬ ಎರಡು ಗುಂಡಿಗಳ ಪಕ್ಕದಲ್ಲಿ ‘ಅಕ್ಕನ ತಮ್ಮ’ ಎಂಬ ಇನ್ನೊಂದನ್ನು ದಯಮಾಡಿ ಇಡಬೇಕು, ಮತ್ತು ಅದನ್ನು ಒತ್ತಿದವರಿಗೆ ಎರಡಕ್ಕಿಂತ ಹೆಚ್ಚು ಗರಗಸಗಳನ್ನು ಯಾವ ಕಾರಣಕ್ಕೂ ತೋರಿಸಬಾರದು.

ಆರಿಸಿ ದಣಿದಿರುವ
ತಮ್ಮ ವಿಶ್ವಾಸಿ,
ಮಹಾದೇವ
ಸುರೇಬಾನ

ತಾ.ಕ.: ಈ ಪತ್ರವನ್ನು ಬೆರಳಚ್ಚಿಸುತ್ತಿರುವಾಗಲೇ ತಾವು ನನ್ನ ಪರದೆಯ ಮೇಲೆ, ಎರಡೇ ದಿನದಲ್ಲಿ ಮನೆ ಮುಟ್ಟುವ, ಮಡಚಿ ಕೈಗೆ ನೇತುಹಾಕಿಕೊಳ್ಳುವ, ಗರಗಸದ ಕಾಲುಭಾಗ ಬೆಲೆಯ ಸಿದ್ಧ ಅಲ್ಯುಮಿನಿಯಂ ಮೆಟ್ಟಿಲೊಂದನ್ನು ತೋರಿಸಿದ್ದೀರಿ. ತಮ್ಮ ಸಮಯಪ್ರಜ್ಞೆಗೆ ಚಿರಋಣಿ. ಇದನ್ನು ಅನ್ನಪೂರ್ಣಾಳ ಫೋನಿಗೆ ಮಾತ್ರ ಕಳಿಸಬೇಡಿ.