ಖಾಲಿ ಡಬ್ಬಿ ಕೊಡಬಾರದು

ತೊಳೆದ ಡಬ್ಬಿಯನ್ನು ಖಾಲಿ ಕೊಡಬಾರದು ಎಂಬ ಒಳ್ಳೆಯ ಪದ್ಧತಿ ಹೊರಮಾವಿನ ಆಂಜನಮ್ಮನಿಗೆ ಇಲ್ಲದಿದ್ದರೆ ಭಗವಂತರಾಯನ ಶುಕ್ರವಾರ ಸುಖವಾಗಿ ಕಳೆದುಹೋಗುತ್ತಿತ್ತು.

ಭಗವಂತರಾಯ ಕಲಬುರಗಿ ಕಡೆಯವನು. ಆಂಜನಮ್ಮನ ಮಾಳಿಗೆಯ ರೂಮಿನಲ್ಲಿ ಬಾಡಿಗೆಗಿದ್ದು, ಮಹದೇವಪುರದ ಒಂದು ಆಹಾರ ಪ್ರಯೋಗಾಲಯದಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಕಾಡಿನ ಕವಳೆ ಹಣ್ಣಿನ ಸಾರ ಬೆರೆಸಿದರೆ ಎಣ್ಣೆಯಂಶ ಕಮಟಾಗುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ ಎಂದು ತೋರಿಸುವುದು ಅವನ ಕೆಲಸ. ಲ್ಯಾಬಿನಲ್ಲಿ ತೋರಿಸಿದ್ದಾಗಿತ್ತು. ಸಾಮಾನ್ಯ ಜನರ ಮನೆಯಲ್ಲಿಟ್ಟು ತೋರಿಸಿ ಎಂದಿದ್ದರು ಪರೀಕ್ಷಿಸಲು ಬರುವ ಯಮುನಾ ಮೇಡಂ. ಅದಕ್ಕೇ ಅವನು ಆಂಜನಮ್ಮ ಕೊಟ್ಟ ಕಡಲೇಕಾಯಿ ಚಟ್ನಿಯನ್ನೇ ಎರಡು ಸ್ಟೀಲ್ ಡಬ್ಬಿಗೆ ಹಂಚಿ, ಹಸಿರು ಪಟ್ಟಿಯದಕ್ಕೆ ಸಾರ ಬೆರೆಸಿ, ಕೆಂಪು ಪಟ್ಟಿಯದಕ್ಕೆ ಏನೂ ಬೆರೆಸದೆ, ಮೆಟ್ಟಿಲ ಬದಿಯ ಕಿಟಕಿಯಲ್ಲಿ ಎಂಟು ದಿನ ಇಟ್ಟಿದ್ದ. ಗುರುವಾರ ಸಂಜೆ ನೋಡಿದಾಗ ಕೆಂಪು ಡಬ್ಬಿಯಲ್ಲಿ ಬೂಷ್ಟು ಉಣ್ಣೆಯ ಟೋಪಿಯ ಹಾಗೆ ಎದ್ದಿತ್ತು. ಹಸಿರಿನದು ಶುಭ್ರ. ಶುಕ್ರವಾರ ಮೂರು ಗಂಟೆಗೆ ಮೇಡಂ ಮುಂದೆ ಎರಡನ್ನೂ ತೆರೆದರೆ ನೌಕರಿ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ.

ಬೆಳಿಗ್ಗೆ ಹಾಲು ತಂದು, ಕೆಂಪು ಡಬ್ಬಿ ತೆರೆದರೆ ಘಮ್ಮೆಂದಿತು. ಒಳಗೆ ಹೊಸ ಚಟ್ನಿ! ಗಾಬರಿಯಿಂದ ಹಸಿರು ಡಬ್ಬಿಯನ್ನೂ ಮೂಸಿದ. ಅದೂ ಘಮ್ಮೆಂದಿತು. ಸದ್ಯ, ಇದಾದರೂ ಉಳಿಯಿತಲ್ಲ ಎಂದುಕೊಂಡು ಕೆಳಗೆ ಓಡಿದ.

"ಏನಪ್ಪಾ ನೀನು, ಒಳ್ಳೇ ಡಬ್ಬೀಲಿ ಬೂಷ್ಟು ಸಾಕ್ಕೊಂಡಿದ್ದೀಯ!" ಎಂದರು ಆಂಜನಮ್ಮ. "ನಾತಕ್ಕೆ ಮೆಟ್ಲು ಹತ್ತಕ್ಕಾಗ್ತಿರ್ಲಿಲ್ಲ. ಹುಣಿಸೇಹಣ್ಣು ಹಾಕಿ ಉಜ್ಜಿದ್ದೀನಿ. ಖಾಲಿ ಕೊಡಬಾರ್ದಲ್ಲ, ಅದಕ್ಕೇ ಚಟ್ನಿ ರುಬ್ಬಿ ಹಾಕ್ದೆ."

"ಅಮ್ಮಾ, ನನಗ ಆ ಬೂಷ್ಟೇ ಬೇಕಾಗಿತ್ರೀ!"

"ಬೇಗ ಮದ್ವೆ ಆಗಪ್ಪ. ಹೊತ್ತೊತ್ತಿಗೆ ಊಟ ಸಿಕ್ಕಿದ್ರೆ ಇಂಥ ಆಸೆ ಎಲ್ಲಾ ಬರಲ್ಲ."

ಪಕ್ಕದ ಮನೆಯ ತಾಹೇರಾ ಅವರ ಬಾಗಿಲು ತಟ್ಟಿದ. "ಅಕ್ಕಾ, ಕೆಟ್ಟುಹೋದ ಚಟ್ನಿ ಇದ್ದರ ಸ್ವಲ್ಪ ಕೊಡ್ರಿ."

"ತೌಬಾ! ನಮ್ ಮನೇನ ಏನಂದ್ಕೊಂಡಿದ್ದೀರಾ ಭಯ್ಯಾ? ನಿನ್ನೇದು ಕೂಡ ಇಟ್ಕೊಳಲ್ಲ ನಾವು!" ಎಂದು, ಅದಕ್ಕೆ ಸಾಕ್ಷಿಯಾಗಿ ಬಿಸಿಬಿಸಿ ಶಾವಿಗೆ ಪಾಯಸ ತುಂಬಿ ಕೊಟ್ಟರು. ಎದುರುಮನೆಯ ದೊಡ್ಡಮುನಿಯಮ್ಮನಿಗಂತೂ ಕೋಪ ನೆತ್ತಿಗೇರಿತು. "ಮುದುಕಿ ಅಂದ್ರೆ ಹಳಸಿದ್ದು ತಿಂತಾಳೆ ಅಂದ್ಕೊಂಡ್ಯಾ?" ಎಂದು ಬೈಯುತ್ತಲೇ ಮುದ್ದೆ, ಉಪ್ಸಾರು ಹೊರಿಸಿದಳು. ಯಾರ ಫ್ರಿಜ್ಜಿನ ಮೂಲೆಯಲ್ಲಿ ಏನೇನು ಕೊಳೆಯುತ್ತಿದೆಯೋ ದೇವರಿಗೇ ಗೊತ್ತು. ಬಾಗಿಲಲ್ಲಿ ನಿಂತು ಕೇಳಿದರೆ ಮಾತ್ರ ಎಲ್ಲರ ಮನೆಯೂ ದೇವಸ್ಥಾನ. ಒಂಬತ್ತು ಗಂಟೆಗೆ ಭಗವಂತರಾಯನ ಕೈಯಲ್ಲಿ ಎರಡು ದಿನಕ್ಕಾಗುವಷ್ಟು ತಾಜಾ ಊಟವಿತ್ತು. ಮಾಳಿಗೆ ರೂಮಿನವನು ಹಳಸಿದ್ದನ್ನು ಬೇಡಿ ತಿನ್ನುತ್ತಾನೆ ಎಂಬ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು.

ಲ್ಯಾಬಿನಲ್ಲಿ ಅವನನ್ನು ಕಾಪಾಡಿದವನು ಸಹೋದ್ಯೋಗಿ ಜಗನ್. "ಟೆನ್ಶನ್ ಬೇಡ ಗುರು," ಎಂದು ಡ್ರಾಯರಿನಿಂದ ಟಿಫನ್ ಬಾಕ್ಸ್ ತೆಗೆದ. "ಹೋದ್ ಸೋಮವಾರದ್ದು. ತಿಂದಿಲ್ಲ ಅಂತ ಅಮ್ಮ ಬೈತಾಳೆ, ಅದಕ್ಕೇ ಮನೆಗೆ ತಗೊಂಡ್ಹೋಗಿಲ್ಲ. ಮುಚ್ಚಳಾನೂ ತೆಗ್ದಿಲ್ಲ."

ತೆಗೆದರು. ಇಬ್ಬರೂ ಹಿಂದೆ ಸರಿದರು. ಹಸಿರು, ಕಪ್ಪು, ಬಿಳಿ, ಯಾವ ಬಣ್ಣಕ್ಕೂ ಕೊರತೆಯಿರಲಿಲ್ಲ.

"ಇದು ಮೋಸ ಆಗ್ತದಲ್ಲೋ ಜಗನ್?"

"ಬೂಷ್ಟು ಬೂಷ್ಟೇ ಮಗಾ. ನಿಂದಕ್ಕೂ ಬಂದಿತ್ತು ತಾನೇ?"

ಭಗವಂತರಾಯನಿಗೆ ನಾಚಿಕೆಯಾಯಿತು. ಆದರೂ ಕೆಂಪು ಡಬ್ಬಿಯ ಹೊಸ ಚಟ್ನಿ ತೆಗೆದು ಅದನ್ನು ಸುರಿದುಕೊಂಡ.

ಮೂರು ಗಂಟೆಗೆ ಯಮುನಾ ಮೇಡಂ ಬಂದರು. ಕೆಂಪು ಡಬ್ಬಿ ತೆರೆದು ಮೂಗು ಮುಚ್ಚಿಕೊಂಡರು. ಹಸಿರು ಡಬ್ಬಿ ತೆರೆದು ಮೂಸಿದರು, ಕೊನೆಗೆ ನಿಯಮವನ್ನೆಲ್ಲ ಮರೆತು ಬೆರಳಲ್ಲಿ ನೆಕ್ಕಿಯೂ ನೋಡಿದರು. "ಎಂಟು ದಿನ ಆಗಿದ್ಯಾ? ಅನ್‌ಬಿಲೀವಬಲ್! ಇವತ್ತೇ ರುಬ್ಬಿದ ಹಾಗಿದೆ!"

ಅಷ್ಟರಲ್ಲಿ ಭಗವಂತರಾಯನ ಫೋನು ಬಡಿದುಕೊಂಡಿತು. ಮೂಲೆಗೆ ಹೋಗಿ ಎತ್ತಿದ. ಆಂಜನಮ್ಮ.

"ಬರ್ತಾ ಆ ಕಾಡುಹಣ್ಣಿನ ರಸ ಒಂದಿಷ್ಟು ತಗೊಂಡ್ಬಾಪ್ಪ. ಹಸಿರು ಡಬ್ಬೀದೂ ಬಿಸಾಕೋಣ ಅಂತ ರುಚಿ ನೋಡಿದ್ರೆ ಒಂಚೂರೂ ಕೆಟ್ಟಿರ್ಲಿಲ್ಲ! ನಾನೂ ನಮ್ಮೆಜಮಾನ್ರೂ ನಿನ್ನೆ ರಾತ್ರೀನೇ ದೋಸೆಗೆ ಹಾಕ್ಕೊಂಡು ಪೂರ್ತಿ ಮುಗಿಸಿದ್ವಿ."

"ಮತ್ತ... ಈಗ ಆ ಡಬ್ಬ್ಯಾಗಿರೋದು ಏನ್ರೀ?"

"ಹೊಸ ಚಟ್ನಿ. ಖಾಲಿ ಕೊಡಕ್ಕಾಗತ್ತಾ?"

ಭಗವಂತರಾಯ ಫೋನು ಇಟ್ಟ. ಅವನ ಕವಳೆ ಹಣ್ಣು ನಿಜವಾಗಿಯೂ ಗೆದ್ದಿತ್ತು. ಗೆದ್ದ ಸಾಕ್ಷಿ ಓನರ್ ದಂಪತಿಯ ಹೊಟ್ಟೆಯಲ್ಲಿ ಕರಗಿಹೋಗಿತ್ತು. ನಡೆದದ್ದನ್ನು ಮೇಡಂಗೆ ಹೇಳಿಬಿಡಲೇ? ಹೇಳಿದರೆ ಕೆಂಪು ಡಬ್ಬಿಯಲ್ಲಿರುವುದು ಯಾರ ಟಿಫನ್ ಎಂದೂ ಹೇಳಬೇಕಾಗುತ್ತದೆ.

ತಿರುಗಿ ನೋಡಿದರೆ ಮೇಡಂ ಹಸಿರು ಡಬ್ಬಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು.

"ಇಷ್ಟು ಫ್ರೆಶ್ ಇದೆ ಅಂದ್ಮೇಲೆ ಇನ್ನೂ ಎಂಟು ದಿನ ಇದೇ ಟೇಬಲ್ ಮೇಲಿರ್ಲಿ ಭಗವಂತರಾಯ್ರೇ. ಮುಂದಿನ ಶುಕ್ರವಾರ ಡೈರೆಕ್ಟರ್ ಎದುರಿಗೇ ಓಪನ್ ಮಾಡೋಣ. ನಿಮ್ಮ ಆರ್ಡರ್ ಕಾಪಿ ಆವತ್ತೇ ಕೊಡ್ತೀವಿ!"

ಜಗನ್ ಚಪ್ಪಾಳೆ ತಟ್ಟಿದ. ಬೆಳಿಗ್ಗೆಯೆಲ್ಲ ಮನೆ ಮನೆಗೆ ಹೋಗಿ ಬೂಷ್ಟು ಬೇಡಿದ್ದ ಭಗವಂತರಾಯ, ಆ ಡಬ್ಬಿಯ ಮುಂದೆ ಕಣ್ಣು ಮುಚ್ಚಿ ನಿಂತು, ಅದೊಂದು ಬಾರದಿರಲಿ ಎಂದು ಮನೆದೇವರಿಗೆ ಹರಕೆ ಹೊತ್ತ.