ಹೊಂಗೆಯ ಟೊಂಗೆಯೂ ಬಚ್ಚಲಿನ ದನಿಯೂ

ಇನ್ನೊಬ್ಬರ ಮರದ ನೆರಳಿಗಿರುವ ತಂಪು ಸ್ವಂತ ಮರದ ನೆರಳಿಗೆ ಇರುವುದಿಲ್ಲ ಎಂಬುದು ನನ್ನ ಬಹುಕಾಲದ ಅನುಭವ. ಸ್ವಂತ ಮರವೆಂದರೆ ನೀರು ಹಾಕಬೇಕು, ಮುಳ್ಳು ಕಟ್ಟಬೇಕು, ಆಡು ಬಂದರೆ ಎದ್ದು ಓಡಿಸಬೇಕು. ಇಷ್ಟೆಲ್ಲ ಮಾಡಿದವನು ಅದರ ಕೆಳಗೆ ಮಲಗಿದರೂ ಕಣ್ಣು ಮುಚ್ಚುವುದಿಲ್ಲ. ಯಾವ ಎಲೆಗೆ ಹುಳ ಬಿದ್ದಿದೆ ಎಂದು ನೋಡುತ್ತಿರುತ್ತಾನೆ. ಇನ್ನೊಬ್ಬರ ಮರದ ಕೆಳಗೆ ಮಲಗಿದವನಿಗೆ ಈ ತೊಂದರೆಯಿಲ್ಲ. ಹುಳ ಬಿದ್ದರೆ ಅದು ಮರದವರ ಹುಳ. ನೆರಳು ಮಾತ್ರ ನಮ್ಮದು. ಹೊಸಪೇಟೆಯ ಬೇಸಿಗೆಯನ್ನು ಒಂದು ಸಲವಾದರೂ ಕಂಡವರು ನನ್ನ ಈ ಸ್ವಾರ್ಥವನ್ನು ಕ್ಷಮಿಸುತ್ತಾರೆ ಎಂದು ನಂಬಿದ್ದೇನೆ.

ಆಗ ನಾನು ಮದರಾಸಿನ ಒಂದು ಪತ್ರಿಕೆಗೆ ಹೊಸಪೇಟೆಯ ಬಾತ್ಮೀದಾರನಾಗಿದ್ದೆ. ಕಾಲುವೆಗೆ ನೀರು ಬಿಟ್ಟದ್ದು, ಕಂಪ್ಲಿಯ ಬೆಲ್ಲದ ಧಾರಣೆ ಇಳಿದದ್ದು, ದೊರೆಗಳು ಹಂಪಿಯ ಕಲ್ಲುಗಳನ್ನು ನೋಡಿ ಸಂತೋಷಪಟ್ಟದ್ದು ಇವೆಲ್ಲ ನನ್ನ ಕೈಯಿಂದ ಸಂಜೆಯ ಟಪಾಲಿಗೆ ಬೀಳುತ್ತಿದ್ದವು. ಪತ್ರಿಕೆಯ ಕಚೇರಿಯಲ್ಲಿ ಕೆಂಪು ಶಾಯಿಯ ಲೇಖನಿ ಹಿಡಿದ ಒಬ್ಬ ಹಿರಿಯರಿದ್ದರು. ‘ಸುಂದರವಾದ’ ಎಂಬ ಪದ ಅವರನ್ನು ದಾಟಿ ಅಚ್ಚಿಗೆ ಹೋದ ಉದಾಹರಣೆ ಒಂದೂ ಇಲ್ಲ. ಮೊದಲು ನನಗೆ ಬೇಸರವಾಗುತ್ತಿತ್ತು. ಆಮೇಲೆ ನಾನೇ ಅವರ ಶಿಷ್ಯನಾದೆ. ಬೇಡವಾದದ್ದನ್ನು ಕತ್ತರಿಸಿದರೆ ಉಳಿದದ್ದು ಚೆನ್ನಾಗಿ ಕಾಣುತ್ತದೆ ಎಂದು ಕಂಡವರಿಗೆಲ್ಲ ಉಪದೇಶ ಮಾಡುತ್ತಿದ್ದೆ. ನನ್ನ ತಲೆಯ ಮೇಲಿನ ಟೊಂಗೆಯೇ ಬೇಡವಾದದ್ದರ ಸಾಲಿಗೆ ಸೇರುವ ತನಕ ಈ ಸಿದ್ಧಾಂತದಲ್ಲಿ ನನಗೆ ಯಾವ ಕೊರತೆಯೂ ಕಂಡಿರಲಿಲ್ಲ.

ಆ ಟೊಂಗೆ ನಮ್ಮ ಹಿತ್ತಲಿನದಲ್ಲ. ಹಿತ್ತಲಿನ ಗೋಡೆಯ ಆಚೆಗೆ ಒಂದು ಬಂಗಲೆಯಿತ್ತು. ಸಂಡೂರಿನ ಗುಡ್ಡದಿಂದ ಅದಿರು ತೆಗೆಸುವ ಕಂಪನಿಯೊಂದು ತನ್ನ ಬಿಳಿಯ ದೊರೆಗಳಿಗಾಗಿ ಕಟ್ಟಿಸಿದ್ದು. ಕಟ್ಟಡಕ್ಕಿಂತ ಹೆಚ್ಚು ಮುತುವರ್ಜಿ ಅದರ ತೋಟಕ್ಕೆ. ಬೆಂಗಳೂರಿನಿಂದ ಒಬ್ಬ ತೋಟದ ಪರಿಣತನನ್ನು ಕರೆಸಿ, ಕಾಗದದ ಮೇಲೆ ನಕಾಶೆ ಬರೆಸಿ, ಅದರಂತೆ ಕೆಂಪು ಗರಸಿನ ದಾರಿ, ಹಸಿರು ಹುಲ್ಲಿನ ಹಾಸು, ಸೊಂಟದೆತ್ತರಕ್ಕೆ ಸವರಿದ ಬೇಲಿ ಎಲ್ಲ ಮಾಡಿಸಿದ್ದರು. ಗೋಡೆಯುದ್ದಕ್ಕೂ ಹೊಂಗೆಯ ಸಾಲು. ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದ ಮೇಲೆ, ಆ ಮರಗಳನ್ನು ಸವರುತ್ತಿದ್ದರು. ಒಣಗಿದ ಕಡ್ಡಿ ಮೊದಲು, ಒಂದಕ್ಕೊಂದು ಉಜ್ಜುವ ಕೊಂಬೆ ಆಮೇಲೆ, ಕೊನೆಗೆ ಕೆಳಗೆ ಜೋತದ್ದು. ದೊರೆ ಹ್ಯಾಟು ತೆಗೆಯದೆ ಹಾದುಹೋಗಬೇಕು, ಅದು ಅಳತೆ. ಕಡಿದ ಬಾಯಿಗೆ ಸಗಣಿ ಮತ್ತು ಕೆಮ್ಮಣ್ಣಿನ ಮೆತ್ತಿಗೆ. ಕೆಲಸ ಮುಗಿದಾಗ ಆ ಮರಗಳು ಆಗತಾನೆ ಕ್ಷೌರ ಮಾಡಿಸಿಕೊಂಡು ಫೋಟೋಕ್ಕೆ ನಿಂತ ಗುಮಾಸ್ತರಂತೆ ಕಾಣುತ್ತಿದ್ದವು. ಒಂದು ಮರ ಮಾತ್ರ ಹೇಗೋ ಮೂರ್ನಾಲ್ಕು ವರ್ಷ ಕಣ್ಣು ತಪ್ಪಿಸಿ, ಒಂದು ದಪ್ಪ ಟೊಂಗೆಯನ್ನು ಗೋಡೆಯ ಮೇಲಿಂದ ನಮ್ಮ ಹಿತ್ತಲಿಗೆ ಚಾಚಿತ್ತು.

ಅದರ ಕೆಳಗೆ ನನ್ನ ಹೊರಸು. ಊಟ ಮುಗಿಸಿ ಅಲ್ಲಿ ಅಂಗಾತ ಮಲಗಿದರೆ ಎಲೆಗಳ ನಡುವಿನ ಬೆಳಕು ಎದೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಎಲ್ಲೋ ಅದಿರಿನ ಬಂಡಿಗಳು ಸಾಲಾಗಿ ಹೋಗುವ ಸದ್ದು. ಸ್ವಲ್ಪ ಹೊತ್ತಿಗೆ ಅದು ಬಂಡಿಯ ಸದ್ದೋ ಹೊಳೆಯ ಸದ್ದೋ ತಿಳಿಯುತ್ತಿರಲಿಲ್ಲ. ಕಬ್ಬಿನ ಗದ್ದೆಯ ಕಡೆಯಿಂದ ಗಾಳಿ ಬಂದರೆ ಹೊರಸಿಗೆ ಹುಟ್ಟು ಹಾಕಿದಂತಾಗಿ, ನಾನು ಕಾಲುವೆಯುದ್ದಕ್ಕೂ ತೇಲಿಕೊಂಡು ಹೋಗಿ, ಹಂಪಿಯ ಬಂಡೆಗಳ ನಡುವೆ ಯಾರೂ ಇಲ್ಲದ ಒಂದು ಮಂಟಪಕ್ಕೆ ಮೆಲ್ಲಗೆ ತಾಗಿ ನಿಲ್ಲುತ್ತಿದ್ದೆ. ನನ್ನ ಜೀವಮಾನದ ಅತ್ಯುತ್ತಮ ವರದಿಗಳನ್ನು ನಾನು ಬರೆದದ್ದು ಆ ಮಂಟಪದಲ್ಲಿಯೇ. ಅವುಗಳಲ್ಲಿ ‘ಸುಂದರವಾದ’ ಎಂಬ ಪದ ಧಾರಾಳವಾಗಿ ಇರುತ್ತಿತ್ತು. ಎಚ್ಚರವಾದ ಮೇಲೆ ಒಂದು ಸಾಲೂ ನೆನಪಿಗೆ ಬರುತ್ತಿರಲಿಲ್ಲ. ಎದ್ದು ಬೆಲ್ಲದ ಧಾರಣೆ ಬರೆಯುತ್ತಿದ್ದೆ.

ನನ್ನ ಹೆಂಡತಿ ನೀಲಮ್ಮನಿಗೆ ಈ ಮಂಟಪದ ಸಂಗತಿ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಸಂಡಿಗೆ. ನಮ್ಮ ಹಿತ್ತಲಿನಲ್ಲಿ ಗಾರೆ ಹಾಕಿದ ಜಾಗ ಅದೊಂದೇ, ಅದರ ಮೇಲೆಯೇ ಆ ನೆರಳು. ಮಾಳಿಗೆಯ ಮೇಲೆ ಬಿಸಿಲು ಬೇಕಾದಷ್ಟಿತ್ತು, ಆದರೆ ಮಾಳಿಗೆ ಮಂಗಗಳದ್ದು. ಸಾಲದ್ದಕ್ಕೆ ಬೇಸಿಗೆಯಲ್ಲಿ ಹೊಂಗೆ ಹೂ ಬಿಡುತ್ತದೆ. ಹಿಂದಿನ ವರ್ಷ ಕಂಪ್ಲಿಯಿಂದ ಬಂದ ಅವಳ ಚಿಕ್ಕಪ್ಪ ಕರಿದ ಸಂಡಿಗೆಯನ್ನು ಕೈಯಲ್ಲಿ ಹಿಡಿದು, “ಏನವ್ವಾ ನೀಲಾ, ಸಂಡಿಗಿಗೆ ಹೂವು ಮುಡಿಸೀಯಲ್ಲ, ಏನು ಮದಿವಿ ಐತೇನು?” ಎಂದು ಕೇಳಿದ್ದರು. ಆ ಮಾತನ್ನು ಅವಳು ಮರೆತಿರಲಿಲ್ಲ.

ಆ ವರ್ಷ ಬಂಗಲೆಗೆ ಮುನಿಯಪ್ಪನೆಂಬ ಹೊಸ ಮೇಸ್ತ್ರಿ ಬಂದ. ಬೆಂಗಳೂರಿನ ಕಡೆಯವನು. ಗೋಡೆಯ ಈ ತುದಿಯಿಂದ ಆ ತುದಿಗೆ ಹುರಿ ಕಟ್ಟಿ, ಹುರಿ ದಾಟಿದ್ದೆಲ್ಲ ಹೋಗಬೇಕು ಎಂದ. ನಾನು ಹೋಗಿ, ಆ ಒಂದು ಟೊಂಗೆಯನ್ನು ಬಿಡಬಹುದಲ್ಲ ಎಂದು ಬಹಳ ನಯವಾಗಿ ಕೇಳಿದೆ.

“ಬಿಡೋಕೆ ನಂದೇನೂ ಅಡ್ಡಿ ಇಲ್ಲ ಸ್ವಾಮಿ, ಆದ್ರೆ ನಕಾಶೇಲಿ ಆ ಕೊಂಬೆ ಇಲ್ವಲ್ಲ” ಎಂದ. ಎದುರಿಗೇ ಕಾಣುತ್ತಿದ್ದ ಟೊಂಗೆಯನ್ನು ಇಲ್ಲವೆನ್ನುವ ಅವನ ನಿಷ್ಠೆ ಕಂಡು, ಪತ್ರಿಕಾ ಕಚೇರಿಯಲ್ಲಿದ್ದರೆ ಇವನು ಮುಂದೆ ಬರುತ್ತಿದ್ದ ಅನ್ನಿಸಿತು.

ಉಳಿದದ್ದು ಮರ ಏರುವ ಹುಲುಗಪ್ಪ. ಕಡ್ಡಿರಾಂಪುರದವನು, ಸುತ್ತಲಿನ ಬಂಗಲೆಗಳ ಮರಗಳಿಗೆಲ್ಲ ಅವನದೇ ಕೊಡಲಿ. ಮರುದಿನ ಮಧ್ಯಾಹ್ನ ಅವನು ಸಂಡೂರಿನ ಬಂಗಲೆಗೆ ಹೊರಡುವವನಿದ್ದ. ಹೋದರೆ ಈ ತೋಟದ ಸರದಿ ಮತ್ತೆ ಬರುವುದು ಮುಂದಿನ ವರ್ಷವೇ. ಅಂದರೆ ಮಧ್ಯಾಹ್ನದವರೆಗೆ ಟೊಂಗೆ ಉಳಿದರೆ ಒಂದು ಬೇಸಿಗೆ ನನ್ನದು. “ಆ ಮರ ನಾಳೆ ಏರಬ್ಯಾಡಪ್ಪ” ಎಂದು ಗೋಡೆಯ ಮೇಲಿಂದ ಹೇಳಿದೆ.

ಹುಲುಗಪ್ಪ ನಕ್ಕ. “ಏರಬ್ಯಾಡ ಅನ್ನಾಕ ಮನಿ ಹೆಣ್ಮಕ್ಕಳಿಗೆ ಅಷ್ಟ ಅಧಿಕಾರರೀ ಯಜಮಾನ್ರ. ನಿಮ್ದೇನು ನಡಿಯಂಗಿಲ್ಲ. ನೀವು ಕಾಲುವ್ಯಾಗ ಜಳಕ ಮಾಡೂದು ದಿನಾ ನೋಡ್ತೀನಿ, ನೋಡಾಕ ಮರ ಯಾಕ ಏರಬೇಕು?”

ಅವನು ಹೇಳಿದ್ದು ನಮ್ಮ ಕಡೆಯ ಪದ್ಧತಿ. ಮನೆಗಳ ಬಚ್ಚಲಿಗೆ ಗೋಡೆಯಿರುತ್ತದೆ, ಮೇಲೆ ಸೂರಿರುವುದಿಲ್ಲ. ಮರದ ತುದಿಗೆ ಹೋದವನಿಗೆ ಬೇಡವೆಂದರೂ ಎಲ್ಲ ಕಾಣುತ್ತದೆ. ಆದ್ದರಿಂದ ಏರುವವನು ಬುಡದಲ್ಲಿ ನಿಂತು ಮೂರು ಸಲ ಕೂಗಬೇಕು. ಒಳಗಿನಿಂದ ಹೆಣ್ಣು ದನಿ ‘ತಡಿ’ ಎಂದರೆ ಕೆಳಗೇ ನಿಲ್ಲಬೇಕು. ಮೇಸ್ತ್ರಿಯಲ್ಲ, ದೊರೆಯೇ ಬಂದು ಹೇಳಿದರೂ ಏರುವಂತಿಲ್ಲ.

ಮರುದಿನ ಬೆಳಿಗ್ಗೆ ನೀಲಮ್ಮ ಹಪ್ಪಳ ಲಟ್ಟಿಸಲು ಪಕ್ಕದ ಓಣಿಯ ತಂಗಿಯ ಮನೆಗೆ ಹೊರಟಳು. ಹೋಗುವಾಗ, “ಇವತ್ತು ಆ ಟೊಂಗಿ ಕಡೀತಾರಂತ. ನೀವು ನಡುವೆ ಬಾಯಿ ಹಾಕಬ್ಯಾಡ್ರಿ ಮತ್ತ” ಎಂದಳು. ನಾನು ಹೂಂ ಎಂದೆ. ಅವಳು ಹೋದ ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ, “ಮರಾ ಏರತೀನ್ರವ್ವೋ!” ಎಂದು ಕೇಳಿಸಿತು. ಮತ್ತೊಮ್ಮೆ ಕೇಳಿಸಿತು. ಎರಡನೆಯ ಕೂಗಿಗೂ ಮೂರನೆಯದಕ್ಕೂ ನಡುವೆ ನಾನು ಬಚ್ಚಲಿಗೆ ಹೇಗೆ ಹೋದೆನೆಂದು ಖಚಿತವಾಗಿ ವರದಿ ಮಾಡಲಾರೆ. ಹೋಗಿದ್ದೆ, ಅಷ್ಟೇ. ನನ್ನ ಗಂಟಲಿನಿಂದ ಒಂದು ಹೆಣ್ಣು ದನಿ ಹೊರಟಿತು.

“ತಡಿಯೋ ಯಪ್ಪಾ! ಜಳಕ ಮಾಡಾಕತ್ತೀನಿ!”

ಎಲ್ಲಿಂದ ಬಂತೋ ಆ ದನಿ! ತೆಳ್ಳಗಿತ್ತು, ಆದರೆ ಅದರಲ್ಲೊಂದು ಗತ್ತಿತ್ತು. ಸುದ್ದಿಗೆ ಆಧಾರವಿರಲಿ ಎಂದು ಒಂದು ಚೊಂಬು ನೀರನ್ನು ಕಲ್ಲಿನ ಮೇಲೆ ಸುರಿದೆ.

“ಆಗಲಿ ತಾಯಿ, ಸಾವಕಾಶ ಆಗ್ಲಿ” ಎಂದ ಹುಲುಗಪ್ಪ.

ತುಸು ಹೊತ್ತಿನ ಮೇಲೆ ಮತ್ತೆ ಕೂಗಿದ. “ಎಣ್ಣಿ ಹಚ್ಚಿಕೊಂಡೀನಪ್ಪಾ” ಎಂದೆ. ಇನ್ನೂ ತುಸು ಹೊತ್ತಿಗೆ, “ಸೀಗೀಕಾಯಿ ಕಣ್ಣಿಗೆ ಹೋಗೈತಿ” ಎಂದೆ. “ಅಯ್ಯಯ್ಯ, ತಣ್ಣೀರು ಬಡೀರಿ ತಾಯಿ” ಎಂದು ಅವನು ಮರುಗಿದ. ಮುನಿಯಪ್ಪ ಮಾತ್ರ, “ಏನಯ್ಯಾ ಇದು, ಸ್ನಾನಾನೋ ಕೆರೆ ತುಂಬಿಸೋದೋ?” ಎಂದು ಗೊಣಗಿದ. ಹೀಗೆ ಹೊತ್ತು ಏರಿತು. ಜಳಕದ ಕಲ್ಲಿನ ಮೇಲೆ ಕುಳಿತು, ಆಗಾಗ ನೀರು ಸುರಿಯುತ್ತ, ಮೇಲೆ ಆಕಾಶದಂಚಿನಲ್ಲಿ ತೂಗುವ ಹೊಂಗೆಯ ತಳಿರನ್ನು ನೋಡುತ್ತಿದ್ದೆ. ನೀರು ಮೋರಿಗೆ ಹರಿಯುವ ಸದ್ದಿಗೆ ರೆಪ್ಪೆ ಭಾರವಾಯಿತು. ಕಾಲುವೆ ಬಂತು, ತೇಲಿದೆ, ಇನ್ನೇನು ಮಂಟಪ ಕಾಣಬೇಕು. ಅಷ್ಟರಲ್ಲಿ ಹಿತ್ತಲಿನ ಬದಿಯ ಓಣಿಗೆ ಗೋಡೆಯ ಮೇಲಿಂದ ಇಣುಕಿದ ಹುಲುಗಪ್ಪನ ಬೆರಗಿನ ದನಿ.

“ಯವ್ವಾ! ನೀವು ಇಲ್ಲಿ ಹೊರಗ ಅದೀರಿ?”

“ತಂಗಿ ಮನಿಗೆ ಹೋಗಿದ್ದೆ. ಯಾಕಪ್ಪ, ಇನ್ನೂ ಟೊಂಗಿ ಕಡಿದಿಲ್ಲ?” ನೀಲಮ್ಮನ ದನಿ.

“ಹೆಂಗ ಕಡೀಲಿ? ನಿಮ್ಮನ್ಯಾಗ ಅವ್ವಾರು ಮುಂಜಾನಿಂದ ಜಳಕ ಮಾಡಾಕತ್ತಾರ!”

“ಯಾವ ಅವ್ವಾರು?”

ಮುನಿಯಪ್ಪ ಕೆಮ್ಮಿದ. ಆ ಕೆಮ್ಮಿನಲ್ಲಿ ನನ್ನ ಚಾರಿತ್ರ್ಯದ ಬಗ್ಗೆ ಅವನ ಪೂರ್ತಿ ಅಭಿಪ್ರಾಯವಿತ್ತು. ಟೊಂಗೆ ಉಳಿಸಲು ಹೋಗಿ ಮರ್ಯಾದೆಯೇ ಹೋಗುವ ಹಂತಕ್ಕೆ ಬಂದಿದ್ದೆ. ನೀಲಮ್ಮ ಹಿತ್ತಲಿನ ಬಾಗಿಲು ದೂಡಿ ಬಂದು ಬಚ್ಚಲಿನ ಮುಂದೆ ನಿಂತಳು. “ಯಾರದು ಒಳಗ?”

ಗಾಬರಿಯಲ್ಲಿ ನನ್ನ ದನಿ ಸ್ವಸ್ಥಾನಕ್ಕೆ ಮರಳಲಿಲ್ಲ. “ನಾನವ್ವಾ” ಎಂದು ಹೆಣ್ಣು ದನಿಯೇ ಬಂತು.

ಹೊರಗೆ ಬಂದೆ. ಪಂಚೆ, ಅಂಗಿ, ಮೈ ಎಲ್ಲ ಒಣಗಿಯೇ ಇತ್ತು. ಅವಳು ನನ್ನನ್ನು ಬದಿಗೆ ಸರಿಸಿ ಬಚ್ಚಲಿನೊಳಗೆ ನೋಡಿದಳು, ಹಂಡೆಯ ಹಿಂದೆ ನೋಡಿದಳು. ಆ ಹೊತ್ತಿಗೆ ಗೋಡೆಯ ಮೇಲೆ ಎರಡು ತಲೆಗಳು ಮೂಡಿದ್ದವು.

“ಕೂಗಿದ್ದು ನಾನೇ. ಟೊಂಗಿ ಕಡೀಬಾರದು ಅಂತ” ಎಂದೆ.

“ಸುಳ್ಳವ್ವಾ. ಅದು ಹೆಣ್ಣು ದನಿ. ಯಜಮಾನ್ರ ದನಿ ನನಗ ಗೊತ್ತಿಲ್ಲೇನು?” ಎಂದ ಹುಲುಗಪ್ಪ. ಅವನಿಗೆ ನನ್ನ ಮೇಲೆ ದ್ವೇಷವಿರಲಿಲ್ಲ, ಕೇಳಿದ್ದನ್ನು ಹೇಳಿದ.

“ಹಂಗಾರ ಕೂಗ್ರಿ, ಕೇಳೂಣು” ಎಂದಳು ನೀಲಮ್ಮ.

ಕೂಗಿದೆ. ಬಯಲಿನಲ್ಲಿ, ಮೂವರ ಮುಂದೆ, ಅದು ಬರಲಿಲ್ಲ. ಗಂಟಲು ಹಿಡಿದ ಕೋಣದಂತೆ ಏನೋ ಹೊರಟಿತು. “ಇದಲ್ಲ ಸ್ವಾಮಿ ಅದು” ಎಂದ ಮುನಿಯಪ್ಪ, ತುಂಬ ವಿಷಾದದಿಂದ. ನೀಲಮ್ಮನ ಮುಖ ಬಿಗಿಯಿತು. ತನ್ನ ಮಾತೇ ನಿಜವೆಂದು ಸಾಧಿಸಲಾಗದ ಬಾತ್ಮೀದಾರನ ಸ್ಥಿತಿಯನ್ನು ಯಾರಿಗೆ ಹೇಳಲಿ? ಬೇರೆ ದಾರಿ ಕಾಣದೆ ಮತ್ತೆ ಬಚ್ಚಲಿನೊಳಗೆ ಹೋಗಿ, ಕಲ್ಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಒಂದು ಚೊಂಬು ನೀರು ಸುರಿದು ಕೂಗಿದೆ.

“ತಡಿಯೋ ಯಪ್ಪಾ! ಜಳಕ ಮಾಡಾಕತ್ತೀನಿ!”

“ಇದರೀ! ಇದ ದನಿ!” ಎಂದು ಹುಲುಗಪ್ಪ ಗೋಡೆ ಬಡಿದು ನಗತೊಡಗಿದ. ಮುನಿಯಪ್ಪನೂ ನಕ್ಕ. ಹೊರಗೆ ಬಂದು ನೋಡಿದರೆ ನೀಲಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು.

“ನಮ್ಮವ್ವನ ದನಿ” ಎಂದಳು.

ಆಗ ನನಗೂ ಹೊಳೆಯಿತು. ನನ್ನ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಕಂಪ್ಲಿಯ ಅವರ ಮನೆಯಲ್ಲಿ ನಾನು ಅಳಿಯನಾಗಿ ಏನು ಮಾಡಹೊರಟರೂ ಒಳಗಿನಿಂದ ‘ತಡಿಯೋ ಯಪ್ಪಾ’ ಎಂದು ನಿಲ್ಲಿಸುತ್ತಿದ್ದರು. ನನ್ನನ್ನು ನಿಲ್ಲಿಸಿದ ದನಿ ಲೋಕದಲ್ಲಿ ಅದೊಂದೇ ಇದ್ದುದರಿಂದ, ಇನ್ನೊಬ್ಬನನ್ನು ನಿಲ್ಲಿಸಬೇಕಾದಾಗ ಅದೇ ಬಂದಿರಬೇಕು.

“ಇನ್ನೊಮ್ಮಿ ಕೂಗ್ರಿ” ಎಂದಳು. ಈ ಸಲ ಪರೀಕ್ಷೆಗಾಗಿ ಕೇಳಿದ್ದಲ್ಲ. ನಾನು ಒಳಗೆ ಹೋಗಿ ಕೂಗಿದೆ. ಗೋಡೆಯ ಮೇಲಿನವರೂ ನಗು ನಿಲ್ಲಿಸಿದರು. ಆಮೇಲೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ತಲೆಯೆತ್ತಿದಳು. “ಟೊಂಗಿ ಬಿಡಪ್ಪ ಹುಲುಗಪ್ಪ. ನಮ್ಮವ್ವ ತಡಿ ಅಂದಾಳ.”

“ನಕಾಶೇಲಿ…” ಎಂದ ಮುನಿಯಪ್ಪ.

“ನಕಾಶಿಗೆ ಬಚ್ಚಲಾ ಕಾಣತೈತೇನ್ರಿ? ನಾ ಒಲ್ಲೆ” ಎಂದು ಹುಲುಗಪ್ಪ ಕೊಡಲಿ ಹೆಗಲಿಗೇರಿಸಿ ಸಂಡೂರಿನ ದಾರಿ ಹಿಡಿದ.

ಟೊಂಗೆ ಉಳಿಯಿತು. ಆ ಬೇಸಿಗೆ ಅದು ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಆದರೆ ಸಂಡಿಗೆ ಒಣಗಲೇಬೇಕಲ್ಲ? ಅದು ಮಾಳಿಗೆ ಏರಿತು. ಮಂಗಗಳನ್ನು ಕಾಯಲು ಒಬ್ಬರು ಬೇಕಾಯಿತು. ಊಟ ಮುಗಿದ ಮೇಲೆ ನಾನು ತಲೆಗೆ ವಸ್ತ್ರ ಸುತ್ತಿ, ಕೋಲು ಹಿಡಿದು ಮೇಲೆ ಕೂರುತ್ತಿದ್ದೆ. ಕೆಳಗೆ ಹೊರಸಿನ ಮೇಲೆ ನೀಲಮ್ಮ ಮಲಗಿರುತ್ತಿದ್ದಳು. ಅವಳ ಸೀರೆಯ ಮೇಲೆ ಎಲೆಗಳ ಬೆಳಕು ಅಲುಗುತ್ತಿತ್ತು, ಕೂದಲಿಗೆ ಒಂದೊಂದೇ ಹೂ ಬೀಳುತ್ತಿತ್ತು. ನೆರಳು ಎಷ್ಟು ಸುಂದರವಾದ ವಸ್ತುವೆಂದು ಬಿಸಿಲಿನಲ್ಲಿ ಕುಳಿತಾಗ ಚೆನ್ನಾಗಿ ತಿಳಿಯುತ್ತಿತ್ತು. ಮಂಗಗಳು ಬಂದಾಗ ನನ್ನ ದನಿಯಲ್ಲಿ ಗದರಿಸಿದರೆ ಅವಳಿಗೆ ಎಚ್ಚರವಾಗಿ, “ಏನ್ರೀ ನಿಮ್ಮ ಗದ್ದಲ” ಎಂದು ಸಿಡುಕುತ್ತಿದ್ದಳು. ಅತ್ತೆಯ ದನಿಯಲ್ಲಿ ಗದರಿಸಿದರೆ ನಿದ್ದೆಯಲ್ಲಿಯೇ, “ಹ್ಞೂಂ ಯವ್ವಾ” ಎಂದು ಮಗ್ಗುಲು ಬದಲಿಸುತ್ತಿದ್ದಳು. ಹೀಗಾಗಿ ಆ ಬೇಸಿಗೆಯುದ್ದಕ್ಕೂ ಮಾಳಿಗೆಯ ಮೇಲೆ ನಾನು ಅತ್ತೆಯಾಗಿಯೇ ಇದ್ದೆ. ಮಂಗಗಳು ಮಾತ್ರ ನಮ್ಮಿಬ್ಬರಲ್ಲಿ ಯಾರಿಗೂ ಹೆದರಲಿಲ್ಲ.