‘ಬೆಳೆ, ಬೆಳೆ’ ಎಂದು ಅಪ್ಪಣೆ ಕೊಡುವವರಿಗೆ

ಮಾನ್ಯರೇ,

ಮಾಗಡಿ ತಾಲ್ಲೂಕಿನ ಕಲ್ಯದಿಂದ ಜಯಕುಮಾರ್ ಮಾಡುವ ಅನಂತ ನಮಸ್ಕಾರಗಳು. ನನ್ನ ಹೆಂಡತಿ ಲತಾಮಣಿಯ ಎಡ ಶ್ವಾಸಕೋಶದಲ್ಲಿ, ಕರಾರುಪತ್ರವಿಲ್ಲದೆ, ಹಾಲು ಉಕ್ಕಿಸದೆ ಬಿಡಾರ ಹೂಡಿರುವ ತಾವು ಇನ್ನೂ ಅಲ್ಲಿಯೇ ಇದ್ದೀರೆಂದು ಸ್ಕ್ಯಾನ್ ನೋಡಿ ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ಕ್ಯಾನ್ಸರ್ ಗಡ್ಡೆಯ ವೇಷದಲ್ಲಿರುವ ತಾವು ಯಾರೆಂಬುದನ್ನು ಬೆಂಗಳೂರಿನ ಡಾಕ್ಟರು ಚಿತ್ರ ಬರೆದು ತೋರಿಸಿದರು. ಜೀವಕೋಶದ ಮೈಮೇಲೆ ಒಂದು ಸ್ವಿಚ್ಚಿರುತ್ತದಂತೆ. ಬೇಕಾದಾಗ ಅದು ‘ಬೆಳೆ’ ಎಂದು ಒಳಕ್ಕೆ ಸುದ್ದಿ ಕಳಿಸಿ, ಕೆಲಸ ಮುಗಿದೊಡನೆ ಆರುತ್ತದಂತೆ. ಲತಾಳ ಕೆಲವು ಕೋಶಗಳಲ್ಲಿ ಅದು ಆರದೆ ಕೆಟ್ಟು ನಿಂತಿರುವುದರಿಂದ, ತಾವು ಹಬ್ಬಕ್ಕೂ ರಜೆ ಹಾಕದೆ ಅಪ್ಪಣೆ ಹೊರಡಿಸುತ್ತಲೇ ಇದ್ದೀರಿ. ಇಂಥ ಕರ್ತವ್ಯನಿಷ್ಠೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ರೇಷ್ಮೆ ಸಾಕುವ ನನಗೆ ಬೆಳವಣಿಗೆಯ ಮೇಲೆ ದ್ವೇಷವೇನೂ ಇಲ್ಲ. ಆದರೆ ನಮ್ಮ ಹುಳುಗಳು ಎಷ್ಟೇ ಸೊಪ್ಪು ಮೇಯ್ದರೂ, ಬಲಿತು ಹಣ್ಣಾದ ಮೇಲೆ ತಾವಾಗಿಯೇ ಬಾಯಿ ಮುಚ್ಚಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟುತ್ತವೆ. ತಮಗೂ ಒಂದು ಚಂದ್ರಿಕೆ ಒದಗಿಸುತ್ತೇನೆ, ದಯಮಾಡಿ ಹತ್ತಬೇಕು.

ತಮ್ಮ ಸ್ವಿಚ್ಚಿಗೆ ಅಡ್ಡ ಕೂರುವ ಮಾತ್ರೆಯನ್ನು ಡಾಕ್ಟರು ಕೊಟ್ಟರು. ಅದನ್ನು ನುಂಗತೊಡಗಿದ ಮೇಲೆ ಲತಾಳ ಮುಖ, ಕುತ್ತಿಗೆ, ಎದೆಯ ತುಂಬ ಕೆಂಪು ಗುಳ್ಳೆಗಳೆದ್ದವು. ನನ್ನ ತಾಯಿ ಕೆಂಚಮ್ಮ ನೋಡಿದ ತಕ್ಷಣ ಸಿಡುಬಿನ ಅಮ್ಮ ಬಂದಿದ್ದಾಳೆಂದು ತೀರ್ಪು ಕೊಟ್ಟರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದಾಯಿತು, ಅಡುಗೆಗೆ ಒಗ್ಗರಣೆ ನಿಂತಿತು, ಲತಾಳಿಗೆ ಮೊಸರನ್ನವೇ ಗತಿಯಾಯಿತು. ಅಮ್ಮ ಮನೆಯಲ್ಲಿರುವಾಗ ಔಷಧಿ ಕೊಟ್ಟರೆ ಮುನಿಯುತ್ತಾಳೆಂದು ಮಾತ್ರೆಯ ಡಬ್ಬಿ ದೇವರ ಗೂಡು ಸೇರಿತು. ನಾವೆಲ್ಲ ಕೈಮುಗಿದು ನಿಂತೆವು. ಇಷ್ಟು ಭಕ್ತಿಯಿಂದ ತಮಗೆ ದಾರಿ ಬಿಟ್ಟುಕೊಟ್ಟ ಸಂಸಾರ ಇನ್ನೊಂದಿರಲಾರದು, ಅದಕ್ಕಾದರೂ ತಾವು ಕೃತಜ್ಞರಾಗಿರಬೇಕು.

ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ಮಿಸ್ಬಾ ಯೋಗಕ್ಷೇಮ ವಿಚಾರಿಸಲು ಫೋನ್ ಮಾಡಿದರು. ನಮ್ಮ ಪೂಜೆ ಪುನಸ್ಕಾರವನ್ನೆಲ್ಲ ಕೇಳಿ, ಡಾಕ್ಟರನ್ನು ಕೇಳಿಕೊಂಡು ಬಂದು ಬಿಡಿಸಿ ಹೇಳಿದರು. ಅದೇ ಸ್ವಿಚ್ಚು ಚರ್ಮದಲ್ಲೂ ಇದೆಯಂತೆ, ಮಾತ್ರೆ ಅಲ್ಲಿಯೂ ಅಡ್ಡ ಕೂತಿದ್ದರಿಂದ ಗುಳ್ಳೆ ಎದ್ದಿವೆಯಂತೆ. ಮುಲಾಮು ಹಚ್ಚಬೇಕು, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯಬಹುದು ಎಂದರು. ಲತಾ ಇಲ್ಲದ ಮನೆಯನ್ನು ಅವತ್ತು ಮೊದಲ ಸಲ ಕಲ್ಪಿಸಿಕೊಂಡು ಹೆದರಿದೆ.

ಅವ್ವನಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿರುವಾಗಲೇ, ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ ಅವರು ಡಬ್ಬಿ ಇಳಿಸಿ, ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಸೊಸೆಯ ಮುಂದೆ ಕೂತರು.

“ಅಮ್ಮ ಅಲ್ವಂತೆ ಕಣವ್ವ, ಮಾತ್ರೆದಂತೆ ಇದು. ನುಂಗು. ಮೊಕ ಎಂಗಾದ್ರೂ ಆಗ್ಲಿ, ನೀನಿರ್ಬೇಕು.”

ಲತಾ ನುಂಗಿದಳು. ಈಗ ಊರವರು ಅವಳ ಮುಖ ನೋಡಿ ಮರುಗಿದರೆ, ಅವ್ವ ಅವರನ್ನು ಕೂರಿಸಿಕೊಂಡು ತಮ್ಮ ಸ್ವಿಚ್ಚಿನ ವಿಚಾರವನ್ನೆಲ್ಲ ವಿವರಿಸಿ, ಕಾಫಿ ಕೊಟ್ಟು ಕಳಿಸುತ್ತಾರೆ. ಇಷ್ಟು ಪ್ರಚಾರ ಸಿಕ್ಕಮೇಲೂ ತಾವು ಮನೆ ಖಾಲಿ ಮಾಡದಿರುವುದು ತಮ್ಮ ಘನತೆಗೆ ತಕ್ಕುದಲ್ಲ.

ತಮ್ಮ ನಿರ್ಗಮನವನ್ನೇ ಹಾರೈಸುವ,
ತಮ್ಮ ವಿಶ್ವಾಸಿ,
ಜಯಕುಮಾರ್

ತಾ.ಕ.: ಮೊನ್ನೆಯ ಸ್ಕ್ಯಾನಿನಲ್ಲಿ ತಾವು ಸೊರಗಿರುವುದು ಕಂಡು ನಮಗೆಲ್ಲ ಪರಮಾನಂದವಾಯಿತು. ಒಂದು ದಾರಿ ಮುಚ್ಚಿದರೆ ತಾವು ಇನ್ನೊಂದು ಹುಡುಕುವ ಜಾಣರೆಂದು ಡಾಕ್ಟರು ಎಚ್ಚರಿಸಿದ್ದಾರೆ. ಹುಡುಕಿ, ಬೇಡವೆನ್ನಲು ನಾನ್ಯಾರು. ಆ ದಾರಿಗೂ ಮಾತ್ರೆ ಇದೆಯೇ ಎಂದು ಅವ್ವ ಆಗಲೇ ಕೇಳಿಟ್ಟಿದ್ದಾರೆ.